ನಮ್ಮ ಲ್ಯಾಬಿನ ಬಿಳಿ ರಕ್ತಕಣಗಳು

ರಕ್ತ ಕೊಡಲು ಬಂದವರು ಬರೀ ರಕ್ತ ಕೊಟ್ಟು ಹೋದದ್ದು ನನ್ನ ಸರ್ವೀಸಿನಲ್ಲಿ ಅಪರೂಪ. ಜೊತೆಗೊಂದು ಮಾತನ್ನೂ ಬಿಟ್ಟು ಹೋಗುತ್ತಾರೆ. ಅರಸೀಕೆರೆಯ ಲ್ಯಾಬೊಂದರಲ್ಲಿ ನಾನು ಟೆಕ್ನಿಷಿಯನ್. ಚುಚ್ಚುವುದು ನನ್ನ ಕೆಲಸವಾದರೂ ಎಷ್ಟೋ ಸಲ ಚುಚ್ಚಿಸಿಕೊಂಡವಳು ನಾನೇ.

ಬೆಳ್ಳಗಿರೋದೆಲ್ಲ

ಹಾರನಹಳ್ಳಿಯ ಅಜ್ಜಿಯೊಬ್ಬರಿಗೆ ಜ್ವರ. ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣ ಜಾಸ್ತಿ. ಡಾಕ್ಟರು ಮಾತ್ರೆ ಬರೆದರು. ವಾರದ ನಂತರ ನೋಡಿದರೆ ಎಲ್ಲ ಸರಿಯಾಗಿತ್ತು.

"ಮಾತ್ರೆ ಚೆನ್ನಾಗಿ ಹಿಡಿದಿದೆ ಅಜ್ಜಿ" ಅಂದೆ.

"ಬಿಳೀದು ಜಾಸ್ತಿ ಐತೆ ಅಂದ್ಯಲ್ಲವ್ವ, ಅವತ್ತಿಂದ ಅನ್ನ, ಮೊಸರು, ಇಡ್ಲಿ ಎಲ್ಲಾ ಬಿಟ್ಟೆ. ಬರೀ ರಾಗಿಮುದ್ದೆ."

"ಮಾತ್ರೆ?"

"ಅದೂ ಬೆಳ್ಳಗೇ ಇತ್ತಲ್ಲ!"

ಒಂದರ ಹಿಂದೆ ಒಂದು

ಕೆಲವರ ರಕ್ತವನ್ನು ಬೆಂಗಳೂರಿಗೆ ಕಳಿಸಬೇಕಾಗುತ್ತದೆ. ಫ್ಲೋ ಸೈಟೋಮೆಟ್ರಿ ಅನ್ನೋ ಆ ಪರೀಕ್ಷೆಯ ಯಂತ್ರ ನಮ್ಮಲ್ಲಿಲ್ಲ. ಹಾಗೆ ಕಳಿಸಲೆಂದು ರಕ್ತ ಕೊಟ್ಟ ಬೇಲೂರಿನ ಬಸ್ ಕಂಡಕ್ಟರೊಬ್ಬರು ಅದೇನೆಂದು ಕೇಳಿದರು. ಪಾಪ, ಮುಖ ಬಾಡಿತ್ತು. "ಬಿಳಿ ಕಣಗಳನ್ನ ಸಣ್ಣ ಕೊಳವೇಲಿ ಒಂದರ ಹಿಂದೆ ಒಂದು ಲೇಸರ್ ಬೆಳಕಿನ ಮುಂದೆ ಹಾಯಿಸ್ತಾರೆ. ಯಾವ ಬಗೆಯವು ಎಷ್ಟಿವೆ ಅಂತ ಯಂತ್ರ ಎಣಿಸುತ್ತೆ" ಅಂದೆ.

"ಒಂದೊಂದಾಗೇ ಬರ್ತವಾ? ನುಗ್ಗಲ್ವಾ?"

"ಇಲ್ಲ."

"ಕಿಟಕಿಯಿಂದ ಟವೆಲ್ ಹಾಕಲ್ವಾ?"

"ಇಲ್ಲಪ್ಪ."

ಅವರು ಟ್ಯೂಬನ್ನೇ ದಿಟ್ಟಿಸಿದರು. "ಮೇಡಂ, ಮೇಲಿರೋ ಹೆಸರು ಇನ್ನೊಂದ್ಸಲ ನೋಡಿಬಿಡಿ. ಅದು ನನ್ನ ರಕ್ತ ಆಗಿರಲಾರ್ದು."

ರಿಪೋರ್ಟು ಚೆನ್ನಾಗೇ ಬಂತು. ಆಮೇಲೆ ಒಂದು ದಿನ ಅವರ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಬೆರಕೆ

ಇದು ಮಾತ್ರ ನಗುವ ವಿಷಯವಾಗಿ ಶುರುವಾಗಲಿಲ್ಲ. ಒಬ್ಬ ಕೊಬ್ಬರಿ ವ್ಯಾಪಾರಿ ಯಜಮಾನರು. ಯಾರು ಸಿಕ್ಕರೂ ಮೊದಲು ಕೇಳುವುದು "ಯಾವ ವಂಶ?" ಅಂತ. ತೋಳಿಗೆ ಪಟ್ಟಿ ಬಿಗಿಯುತ್ತಿದ್ದಾಗ ನನ್ನನ್ನೂ ಕೇಳಿದ್ದರು. ಅವರ ರಕ್ತದಲ್ಲಿ ಲಿಂಫೋಸೈಟ್ ಅನ್ನೋ ಬಿಳಿ ಕಣ ವಿಪರೀತ ಏರಿತ್ತು. ಡಾಕ್ಟರಿಗೆ ಬ್ಲಡ್ ಕ್ಯಾನ್ಸರಿನ ಅನುಮಾನ. ಸ್ಯಾಂಪಲ್ ಬೆಂಗಳೂರಿಗೆ ಹೋಯಿತು. ನಾಲ್ಕು ದಿನ ಮನೆಯವರು ಸರಿಯಾಗಿ ಊಟ ಮಾಡಲಿಲ್ಲವಂತೆ. ನಾನೂ ದಿನಕ್ಕೆ ಹತ್ತು ಸಲ ಕಂಪ್ಯೂಟರ್ ನೋಡಿದ್ದೆ.

ರಿಪೋರ್ಟು ಬಂದ ದಿನ ಯಜಮಾನರು, ಅವರ ಹೆಂಡತಿ, ಮಗಳು ಡಾಕ್ಟರ ಮುಂದೆ ಕೂತಿದ್ದರು. ಕಾಗದ ಕೊಟ್ಟು ನಾನು ಬಾಗಿಲ ಬಳಿಯೇ ನಿಂತೆ.

ಡಾಕ್ಟರು ಓದಿ ನಕ್ಕರು. "ಭಯ ಇಲ್ಲ. ಕ್ಯಾನ್ಸರ್ ಆಗಿದ್ರೆ ಈ ಕಣಗಳೆಲ್ಲ ಒಂದೇ ವಂಶದವು ಆಗಿರ್ತಿದ್ವು. ನಿಮ್ಮವು ಬೇರೆ ಬೇರೆ ವಂಶದವು, ಎಲ್ಲ ಬೆರೆತಿವೆ. ಯಾವುದೋ ಸೋಂಕಿಗೆ ಹೀಗೆ ಏರಿವೆ, ತಾವಾಗೇ ಇಳೀತವೆ."

ಯಜಮಾನರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಜಮಾನರು ಮಾತ್ರ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಲು ನೋಡಿದರು.

"ಒಂದೇ ವಂಶ ಆಗಿದ್ರೆ ಕೆಟ್ಟದ್ದಾ?"

"ಇಲ್ಲಿ ಕೆಟ್ಟದ್ದೇ."

"ಬೆರಕೆ ಆದ್ರೆ ಒಳ್ಳೇದಾ?"

"ಬಹಳ ಒಳ್ಳೇದು."

ಯಜಮಾನರು ಎದ್ದು ಕೈ ಮುಗಿದರು. "ಹಂಗಾದ್ರೆ ಡಾಕ್ಟ್ರೇ, ಇನ್ನೂ ಒಂಚೂರು ಬೆರೆಸಕ್ಕೆ ಏನಾದ್ರೂ ಬರ್ಕೊಡಿ."

ಡಾಕ್ಟರು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದರು: "ಅವರ್ನ ಯಾಕ್ ಕೇಳ್ತೀರಿ? ನಿಮ್ಮ ಮಗಳು ಎರಡು ವರ್ಷದಿಂದ ಒಬ್ಬ ಹುಡುಗನ್ನ ತೋರಿಸ್ತಾ ಇದ್ದಾಳೆ. ನಡೀರಿ ಮನೆಗೆ, ಬೆರೆಸೋಣ!"