ಹಸಿ ಫೋನು

ನಮ್ಮ ಸೋದರಮಾವನ ಲೆಕ್ಕದಲ್ಲಿ ಲೋಕದ ವಸ್ತುಗಳೆಲ್ಲ ಎರಡೇ ಜಾತಿ: ಹಸಿ, ಇಲ್ಲವೇ ಒಣಗಿದ್ದು. ಹೊಸ ಚಪ್ಪಲಿ ಕಚ್ಚಿದರೆ ಅದು ಹಸಿ. ಹೊಸ ಬಾಗಿಲು ಬಿಗಿಯಾದರೆ ಅದೂ ಹಸಿ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅವರೆದುರು ಮಾತಾಡಲು ನಾಚಿದಾಗ, "ಇನ್ನೂ ಹಸಿ ಕಣ್ಲಾ, ಒಸಿ ಒಣಗ್ಲಿ ಬುಡು" ಎಂದು ತೀರ್ಪು ಕೊಟ್ಟವರು! ಹೊನ್ನವಳ್ಳಿಯಲ್ಲಿ ಹುಟ್ಟಿ, ಬದುಕೆಲ್ಲ ತೆಂಗಿನಕಾಯಿ ಅಟ್ಟಕ್ಕೇರಿಸಿ ಕೊಬ್ಬರಿ ಮಾಡಿ ಇಳಿಸಿದ ಮನುಷ್ಯ ಬೇರೆ ಹೇಗೆ ತಾನೇ ಯೋಚಿಸಿಯಾರು? ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಸಡಿಲವಾಗಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಕೆಳಗಿಳಿಸುವುದು ಆಮೇಲೆ.

ಆ ಲೊಟಲೊಟ ಅವರಿಗೆ ಕೇಳಿಸದೆ ಕೆಲವು ವರ್ಷಗಳಾದವು. ಈಗ ಕಾಯಿಯನ್ನು ನಮ್ಮ ಕಿವಿಗೆ ಹಿಡಿದು ಅಲ್ಲಾಡಿಸಿ, "ಸದ್ದು ಬತ್ತಾ?" ಎಂದು ಕೇಳುತ್ತಾರೆ. ಕಿವಿಗೆ ಮಿಷನ್ನು ಹಾಕಿಸಿದೆವು. ಕಿವಿಯೊಳಗೆ ಜೀರುಂಡೆ ಸಾಕಿಕೊಂಡಂಗೈತೆ ಎಂದು ಕಿತ್ತು ಗೂಟಕ್ಕೆ ನೇತುಹಾಕಿದರು. ಇದರಿಂದ ನಮ್ಮ ಅತ್ತೆಗೇನೂ ತೊಂದರೆಯಾಗಲಿಲ್ಲ. ಅವರು ಅಡುಗೆಮನೆಯಿಂದ "ಊಟಕ್ಕೇಳ್ರೀ" ಎಂದು ಕೂಗಿದರೆ ಮಾವನಿಗಿರಲಿ, ಬಸ್ ಸ್ಟಾಪಿನಲ್ಲಿ ನಿಂತವರಿಗೂ ಹಸಿವಾಗಬೇಕು!

ಅಂಥ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿ ಮೊದಲು ಒಡೆಯಿತು, ಆಮೇಲೆ ಪಿಸುಮಾತಿಗೆ ಇಳಿಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತಿಲ್ಲ ಎಂದರು ಡಾಕ್ಟರು. ಆಪರೇಷನ್ ಸೋಮವಾರಕ್ಕೆ ಗೊತ್ತಾಯಿತು. ನೋಡಲು ಬಂದಿದ್ದ ಪಕ್ಕದ ಮನೆಯ ಯಜಮಾನರು ಕಾಫಿ ಹೀರುತ್ತಾ, "ಕಿವುಡ ಗಂಡ, ಮೂಗಿ ಹೆಂಡ್ತಿ. ಇನ್ಮ್ಯಾಕೆ ಈ ಮನೇಲಿ ಜಗಳಾನೇ ಇರಕ್ಕಿಲ್ಲ ಬುಡ್ರಿ" ಎಂದು ನಕ್ಕರು. ಮಾವನಿಗೆ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು.

ಮಾವನಿಗೆ ಅಂದಿನಿಂದ ಒಂದೇ ಹಟ. "ಗಂಟ್ಲು ಕುಯ್ಯೋದ್ರೊಳ್ಗೆ ಅವಳ ಮಾತು ಒಂದ್ಸಲ ಕೇಳ್ಬೇಕು ಕಣ್ಲಾ." ಗೂಟದ ಮಿಷನ್ನು ಕೆಟ್ಟು ಕೂತಿತ್ತು; ಫೋನಿನಲ್ಲಾದರೆ ಪಿಸುಮಾತೂ ಕಿವಿಯೊಳಗೇ ಜೋರಾಗಿ ಕೇಳೀತೆಂದು ಶುಕ್ರವಾರ ಅವರನ್ನು ತಿಪಟೂರಿನ ಮೊಬೈಲ್ ಅಂಗಡಿಗೆ ಕರೆದೊಯ್ದೆ. ಹೊಸ ಫೋನಿಗೆ ಇಯರ್‌ಫೋನ್ ಸಿಕ್ಕಿಸಿ, ಎರಡೂ ಕಿವಿಗೆ ತುರುಕಿ, ನಾನು ರಸ್ತೆಗೆ ಹೋಗಿ ನನ್ನ ಫೋನಿನಲ್ಲಿ "ಮಾವ" ಎಂದು ಪಿಸುಗುಟ್ಟಿದೆ. ಒಳಗಿನಿಂದ "ಕೇಳ್ತು!" ಎಂಬ ಆರ್ಭಟ. ತಂತಿಯಿಲ್ಲದ್ದೂ ಸಿಗುತ್ತದೆ ಎಂದ ಅಂಗಡಿಯವನಿಗೆ, "ವೈರಿಲ್ದೆ ಮೋಟ್ರು ನೀರೆತ್ತತೇನಪ್ಪಾ?" ಎಂದು ತಿರುಗೇಟು. ಅವನು ಖುಷಿಯಾಗಿ ಫೋನಿನ ಮುಂದೆ ಗಾಜಿನ ಹಾಳೆ ಅಂಟಿಸಿ, ಹಿಂದೆ ದಪ್ಪನೆಯ ಕವರು ತೊಡಿಸಿ ಕಳಿಸಿದ.

ಮನೆಗೆ ಬಂದು ನೋಡಿದರೆ ಇಯರ್‌ಫೋನಿನ ಪಿನ್ನು ತೂತಿನೊಳಗೆ ಹೋಗಲೊಲ್ಲದು! ಅರ್ಧ ಹೋಗಿ ಗೊರಗೊರ ಎನ್ನುತ್ತದೆ, ಅಷ್ಟೇ. ಒತ್ತಿದೆ, ತಿರುಗಿಸಿದೆ, ಊದಿದೆ. ಮಾವ ಫೋನು ಕಸಿದುಕೊಂಡು ನನ್ನ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು.

"ಒಳ್ಗೇನಾರ ಅಲ್ಲಾಡ್ತಾ?"

"ಇಲ್ಲ ಮಾವ."

"ಅದಕ್ಕೇ ಮತ್ತೆ! ಹಸಿ!"

ಅಂಗಡಿಗೆ ಫೋನ್ ಮಾಡಿದೆ. "ಹೊಸ್ದಲ್ವಾ ಸಾರ್, ಬಿಗಿ ಇರ್ತೈತೆ. ದಿನ ಕಳೆದಂಗೆಲ್ಲ ಸಡಿಲ ಆಯ್ತೈತೆ" ಎಂದ. ನಾನು ಬುದ್ಧಿಯಿಲ್ಲದೆ ಅದನ್ನೇ ಮಾವನ ಕಿವಿಯಲ್ಲಿ ಕೂಗಿ ಹೇಳಿದೆ.

ಶನಿವಾರ ಬೆಳಗ್ಗೆ ಫೋನು ಮಾಯ! ತೋಟವೆಲ್ಲ ಸುತ್ತಿ ಬಂದು, ಬಾಗಿಲಲ್ಲಿ ನಿಂತು ಅದಕ್ಕೆ ಕರೆ ಮಾಡಿದೆ. ನೆತ್ತಿಯ ಮೇಲೆಲ್ಲೋ ಗಂಟೆ ಬಾರಿಸತೊಡಗಿತು. ಅಟ್ಟದ ಮೇಲೆ, ಕಾಯಿಗಳ ಮಧ್ಯೆ! ಅದರ ನೇರ ಕೆಳಗೆ ಕೂತು ಮಾವ ನೆಮ್ಮದಿಯಾಗಿ ಎಲೆ ಅಡಿಕೆ ಹಾಕುತ್ತಿದ್ದರು. ಅತ್ತೆ ಮಂಚದ ಮೇಲಿಂದ ಒಂದು ಕೈಯಲ್ಲಿ ಅಟ್ಟ ತೋರಿಸುತ್ತಾ, ಇನ್ನೊಂದು ಕೈಯಲ್ಲಿ ಲೋಟ ಹಿಡಿದು ಮಂಚದ ಕಾಲಿಗೆ ಕುಟ್ಟುತ್ತಿದ್ದರು. ಫೋನು ಬಡಿದುಕೊಳ್ಳುತ್ತಿದೆ, ಲೋಟ ಬಡಿದುಕೊಳ್ಳುತ್ತಿದೆ, ಮಾವ ಸುಣ್ಣ ಸವರುತ್ತಿದ್ದಾರೆ! ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಕಣ್ಣಲ್ಲೂ ನೀರು ಬಂದಿತ್ತು. ಅದು ನಗೆಯದೋ ನೋವಿನದೋ, ಶಬ್ದವೇ ಇಲ್ಲದ ಮೇಲೆ ಹೇಗೆ ಹೇಳುವುದು?

"ಒಣ್ಗಾಕೆ ನೀನು ಬುಡ್ಲಿಲ್ಲ" ಎಂದು ದಿನವಿಡೀ ಗೊಣಗಿದ ಮಾವ, ಸಂಜೆ ನನಗೆ ಗೊತ್ತಾಗದಂತೆ ಆ ತೂತಿಗೆ ಕೊಬ್ಬರಿ ಎಣ್ಣೆ ಬಿಟ್ಟರು. ಒಣಗದಿದ್ದರೆ ಜಾರಲಾದರೂ ಜಾರಲಿ ಎಂದು! ಮಾರ್ಗಶಿರದ ಚಳಿ. ಭಾನುವಾರ ಬೆಳಗಾಗುವಷ್ಟರಲ್ಲಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ, ತೂತಿಗೆ ಬಿರಡೆ ಹಾಕಿದಂತೆ ಕೂತಿತ್ತು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಮಾವನಿಗೆ ಒಂದು ಮಾತೂ ಕೇಳಿಸಿರಲಾರದು, ಆದರೆ ನನ್ನ ಮುಖ ಕಾಣಿಸಿತು. ಜಗಲಿಯ ಅಂಚಿನಲ್ಲಿ ಕುಸಿದು ಕೂತರು.

"ನಾಳೆ ಸೋಮ್ವಾರ ಕಣ್ಲಾ" ಎಂದರು.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮಧ್ಯಾಹ್ನಕ್ಕೆ ಕಾರು ಹೇಳಿಯಾಗಿತ್ತು, ಅತ್ತೆಯ ಬಟ್ಟೆಬರೆ ಬ್ಯಾಗಿಗೆ ತುಂಬಿಯಾಗಿತ್ತು. ಫೋನನ್ನು ಎಳೆಬಿಸಿಲಿಗಿಟ್ಟು, ಕರಗಿದ ಎಣ್ಣೆಯನ್ನು ಹತ್ತಿಯ ಬತ್ತಿಯಲ್ಲಿ ಹೀರಿ ಹೀರಿ ತೆಗೆದೆ. ಕವರಿನ ಸಂದಿಗೂ ಎಣ್ಣೆ ಇಳಿದಿತ್ತೆಂದು ಅದನ್ನು ಕಳಚಿ ಒರೆಸಿ, ಆಸೆಯಿಲ್ಲದೆಯೇ ಪಿನ್ನು ಇಟ್ಟು ಒತ್ತಿದೆ. ಟಕ್! ಪೂರ್ತಿ ಒಳಗೆ ಹೋಯಿತು. ಇಷ್ಟು ದಿನ ಪಿನ್ನನ್ನು ತಡೆದು ನಿಲ್ಲಿಸಿದ್ದು ಆ ಕವರಿನ ದಪ್ಪ ಅಂಚು, ಬೇರೇನೂ ಅಲ್ಲ!

ಹತ್ತಿರ ಕೂತರೆ ಫೋನುಗಳೆರಡೂ ಕಿರುಚಿಕೊಳ್ಳುತ್ತವೆಂದು ಮಾವನನ್ನು ಜಗಲಿಯಲ್ಲೇ ಕೂರಿಸಿದೆ. ನನ್ನ ಫೋನನ್ನು ಒಳಗೆ ಅತ್ತೆಯ ಕೈಗೆ ಕೊಟ್ಟು ಬಂದು, ಇಬ್ಬರೂ ಕಾಣುವಂತೆ ಹೊಸಿಲ ಮೇಲೆ ನಿಂತೆ. ಅತ್ತೆ ತುಟಿ ಅಲ್ಲಾಡಿಸಿದರು.

"ಕೇಳ್ತೈತೆ!" ಬೀದಿಗೆಲ್ಲ ಕೇಳುವಂತೆ ಕೂಗಿದರು ಮಾವ. "ಹೇಳೇ, ಇನ್ನೂ ಹೇಳೇ!"

ಅತ್ತೆ ಹೇಳುತ್ತಾ ಹೋದರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಮಾವನ ಮುಖದ ನಗು ಮಾತ್ರ ನಿಧಾನವಾಗಿ ಅಳಿಸಿಹೋಯಿತು. ಒಂದೊಂದು ಮಾತಿಗೂ ಅತ್ತೆ ಉಗುಳು ನುಂಗಿ ಒದ್ದಾಡುವುದು, ಗಂಟಲು ಗರಗಸದಂತೆ ಕೊಯ್ಯುವುದು ನಮಗೆಲ್ಲ ತಿಂಗಳುಗಳಿಂದ ಗೊತ್ತಿತ್ತು. ಮಾವನಿಗೆ ಕೇಳಿಸಿದ್ದು ಅದೇ ಮೊದಲು. ಅವರು ಬಾಗಿ, ತಂತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಸಾಕು ಬುಡೇ. ಮಾತಾಡ್ಬ್ಯಾಡ, ನೋಯ್ತೈತೆ ನಿಂಗೆ. ಫೋನು ಮಾತ್ರ ಮಡಗ್ಬ್ಯಾಡ ಕಣೇ... ಸುಮ್ನೆ ಉಸಿರಾಡ್ತಾ ಇರು. ಅದೂ ಕೇಳ್ತೈತೆ ನಂಗೆ."