ಸಮುದ್ರದ ಬಾಗಿಲಲ್ಲಿ ಹದಿಮೂರು ಜೊತೆ

"ಈ ಪ್ರವಾಸದಾಗ ಎಳ್ಳಷ್ಟು ತಪ್ಪಾದ್ರೂ, ಸರ್, ನಾ ಮತ್ತ ಸೀಮೆಸುಣ್ಣ ಮುಟ್ಟಂಗಿಲ್ಲ!"

ತೆಲುಗು ಸೀಮೆಯ ಪಟಾನ್‌ಚೆರು ಕಡೆಯ ಎಂಜಿನಿಯರಿಂಗ್ ಕಾಲೇಜೊಂದರ ಪ್ರಿನ್ಸಿಪಾಲರ ಕೋಣೆಯಲ್ಲಿ ಯಶವಂತರು ಹೀಗೆ ಘೋಷಿಸಿದಾಗ ಮೇಲಿನ ಫ್ಯಾನೂ ಬೆದರಿ ಕಿರ್ರೆಂದಿತು. ಪ್ರಿನ್ಸಿಪಾಲ್ ಕಲ್ಯಾಣಪ್ಪನವರು ಬೀದರದವರು. ಸಿವಿಲ್ ವಿಭಾಗದ ಯಶವಂತರು ಯಾದಗಿರಿ ಜಿಲ್ಲೆಯ ಹಳ್ಳಿಯವರು. ಬಾಗಿಲು ಹಾಕಿಕೊಂಡರೆ ಇಬ್ಬರಿಗೂ ಕನ್ನಡವೇ.

"ಸೀಮೆಸುಣ್ಣದ ಮಾತು ಬಿಡ್ರಿ. ಜಪಾನಿನ ಆ ಕಾಲೇಜಿನವರು 'ಮುಂದಿನ ವರ್ಷಾನೂ ಬರ್ರಿ' ಅಂತ ಪತ್ರ ಬರೀಬೇಕು. ಇಲ್ಲಾಂದ್ರ ಇದಽ ಮೊದಲು, ಇದಽ ಕಡೀದು."

ಯಶವಂತರಿಗೆ ಆ ಪತ್ರವೇ ಪಂಚಪ್ರಾಣವಾಯಿತು. ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಹಾಕಿ ಈ ಪ್ರವಾಸ ಗಿಟ್ಟಿಸಿದ್ದರು. ಹೊರಟಿದ್ದ ಹನ್ನೆರಡು ವಿದ್ಯಾರ್ಥಿಗಳಲ್ಲಿ ಒಂಬತ್ತು ಜನ, ಅವರಂತೆಯೇ, ಮನೆತನದಲ್ಲಿ ಮೊದಲು ಪದವಿ ಪಡೆಯಲಿದ್ದವರು. ಮುಂದಿನ ತಂಡದ ಮಕ್ಕಳಂತೂ ಆಗಲೇ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡಿದ್ದರು!

ಅಂತೂ ದಂಡು, ಗಣಿತದ ಮಂದಾಕಿನಿ ಮೇಡಂ ಸಮೇತ, ಮಿಯಾಜಿಮಾ ಎಂಬ ದ್ವೀಪದ ಹಳೆಯ ದೇಗುಲದೂರಿಗೆ ಬಂದಿಳಿಯಿತು. ಅಲ್ಲಿ ಒಂದು ರಾತ್ರಿ ವಾಸ್ತವ್ಯ. ಮರುದಿನ ಬೆಳಿಗ್ಗೆ ಎದುರು ದಡದಲ್ಲಿದ್ದ ಆ ಕಾಲೇಜಿಗೆ ಭೇಟಿ.

ಇಳಿತದ ಹೊತ್ತು. ಸಮುದ್ರ ಹಿಂದೆ ಸರಿದು, ದೇಗುಲದ ಕೆಂಪು ಮಹಾದ್ವಾರ ಒದ್ದೆ ಮರಳಿನ ಮೇಲೆ ನಿಂತಿತ್ತು. ಜನ ನಡೆದೇ ಅದರ ಬುಡಕ್ಕೆ ಹೋಗುತ್ತಿದ್ದರು. ಅರ್ಧ ದಾರಿಯಲ್ಲಿ ಯಶವಂತರು ಕೈಯೆತ್ತಿದರು.

"ಎಲ್ಲಾರೂ ಬೂಟು, ಚಪ್ಪಲಿ ಇಲ್ಲೇ ಬಿಡ್ರಿ! ದೇವರ ಬಾಗಲಾ ಇದು!" ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಅಪ್ಪಣೆಯಾಯಿತು.

"ಸರ್, ಮಂದಿಯೆಲ್ಲ ಬೂಟು ಹಾಕ್ಕೊಂಡಽ ಹೊಂಟಾರ," ಎಂದರು ಮಂದಾಕಿನಿ.

"ಅವರಿಗೆ ಗೊತ್ತಿಲ್ರಿ, ಮೇಡಂ."

"ಅವರ ಊರು, ಅವರ ದೇವರು, ಅವರಿಗಽ ಗೊತ್ತಿಲ್ಲ?"

"ನಾವು ಸಂಸ್ಕಾರ ಇದ್ದವ್ರು!"

ಮೇಡಂ ತಮ್ಮ ಬೂಟು ಬಿಚ್ಚಿ ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡರು. ಉಳಿದ ಹದಿಮೂರು ಜೊತೆ ದಾರ ಹಿಡಿದಂತೆ ಸಾಲಾಗಿ ಮರಳಿನ ಮೇಲೆ ಕುಳಿತವು. ದ್ವಾರಕ್ಕೆ ಕೈಮುಗಿದದ್ದಾಯಿತು. ಇನ್ನು ಪಾಠ! ಅದಾದ ಮೇಲೆ ಮತ್ತೊಂದು ಸುತ್ತು ಹಾಕಿ ಬೂಟು ತೊಟ್ಟರಾಯಿತೆಂದು ಯಶವಂತರು ಮಕ್ಕಳನ್ನು ದಡದ ಮೆಟ್ಟಿಲ ಮೇಲೆ ಕೂರಿಸಿ, ತಾವು ಸಮುದ್ರಕ್ಕೆ ಬೆನ್ನು ಮಾಡಿ ನಿಂತರು. ಮುಕ್ಕಾಲು ಗಂಟೆಯಾದರೂ ಅವರ ಗಂಟಲು ದಣಿಯಲಿಲ್ಲ.

"ಈ ದ್ವಾರದ ಕಂಬ ನೆಲದಾಗ ಹೂತಿಲ್ಲ! ತನ್ನ ತೂಕದ ಮ್ಯಾಲೇ ನಿಂತೈತಿ! ಹಗುರ ಇದ್ದದ್ದು ನೀರಾಗ ನಿಲ್ಲಂಗಿಲ್ಲ, ತೇಲ್ತೈತಿ!"

ಭವಾನಿ ಎಂಬ ಹುಡುಗಿ ಕೈಯೆತ್ತಿದಳು.

"ಪ್ರಶ್ನೆ ಕಡೀಗೆ."

"ಸರ್, ತೇಲಾಕತ್ತಾವ್ರಿ..."

"ಉದಾಹರಣೆನೂ ಕಡೀಗೆ!"

"ಸಾರ್! ಚೆಪ್ಪುಲು!" ಎಂದು ಹಿಂದಿನ ಸಾಲು ತೆಲುಗಿನಲ್ಲಿ ಚೀರಿತು.

ಯಶವಂತರು ತಿರುಗಿದರು. ಮರಳೇ ಇರಲಿಲ್ಲ! ಅವರೂರಿನ ಕೆರೆಯಲ್ಲಿ ಒಮ್ಮೆ ನೀರು ಇಳಿಯಿತೆಂದರೆ ಮುಂದಿನ ಮಳೆಗಾಲದವರೆಗೆ ಇಳಿದೇ ಇರುತ್ತಿತ್ತು. ಹನ್ನೊಂದು ವರ್ಷ ಹಲಗೆಯ ಮೇಲೆ ಉಬ್ಬರ-ಇಳಿತದ ಚಿತ್ರ ಬರೆದವರು ಅವರು, ನಿಜ. ಆದರೆ ಹಲಗೆಯ ಮೇಲಿನ ಸಮುದ್ರ ಒಮ್ಮೆಯೂ ಅವರ ಬೂಟು ಒಯ್ದಿರಲಿಲ್ಲ. ಈಗ ಹದಿಮೂರು ಜೊತೆಯೂ ದಡದ ಗಾಳಿಗೆ ಮೆಲ್ಲಗೆ ಹೊರಟು, ಒಂದೊಂದಾಗಿ ಮಹಾದ್ವಾರ ದಾಟುತ್ತಿದ್ದವು.

"ನೋಡ್ರಿ ಸರ್," ಎಂದರು ಮಂದಾಕಿನಿ, "ನಿಮ್ಮ ಬೂಟಿಗೂ ಭಾಳ ಸಂಸ್ಕಾರ ಐತಿ. ಪಾಳಿ ಹಚ್ಚಿ ಹೊಂಟಾವ."

ವಸತಿಗೃಹದ ಮುದುಕಿಗೆ ವಿಷಯ ತಿಳಿಯಿತು. ಆಕೆ ಸೊಂಟದವರೆಗೆ ಬಾಗಿ, ತಮ್ಮೂರಿನ ಸಮುದ್ರದ ಪರವಾಗಿ ಕ್ಷಮೆ ಕೇಳಿದಳು! ಯಶವಂತರಿಗೆ ಬೈಸಿಕೊಂಡಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಸಾಲದ್ದಕ್ಕೆ ಆಕೆ ಎದುರು ದಡದ ಕಾಲೇಜಿನ ಪ್ರೊಫೆಸರ್ ಮೊರಿವಾಕಿಯವರಿಗೂ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟಳು.

"ಹೋತ್ರಿ ಮೇಡಂ, ಪತ್ರ ಹೋತು. ಮುಂದಿನ ತಂಡದ ಹುಡುಗರಿಗೆ ಯಾವ ಮುಖ ತೋರಿಸ್ಲಿ?"

"ಮುಖ ಆಮ್ಯಾಲೆ, ಸರ್. ನಾಳೆ ಕಾಲು ಹೆಂಗ ತೋರಿಸ್ತೀರಿ ನೋಡ್ರಿ."

ಬೆಳಿಗ್ಗೆ, ಮುದುಕಿ ಕೊಟ್ಟ ಮನೆಯೊಳಗಿನ ಸ್ಲಿಪ್ಪರುಗಳಲ್ಲಿ ದಂಡು ಟಪಟಪ ಎನ್ನುತ್ತ ಕಾಲೇಜಿನ ಮೆಟ್ಟಿಲು ಹತ್ತಿತು. ಮೊರಿವಾಕಿಯವರು ಬಾಗಿಲಲ್ಲೇ ಕಾದಿದ್ದರು. ಪಕ್ಕದಲ್ಲಿ ಮೀನುಗಾರರು ಆರಿಸಿ ತಂದ ಬೂಟು, ಚಪ್ಪಲಿಗಳ ಬಲೆಚೀಲ. ಯಶವಂತರು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಮೇಜಿನ ಮೇಲೆ ಕೊಲ್ಲಿಯ ನಕ್ಷೆ ಹಾಸಿದರು. ಅದರ ತುಂಬ, ಬೂಟು ಸಿಕ್ಕಲ್ಲೆಲ್ಲ, ಕೆಂಪು ಚುಕ್ಕೆ.

"ಎಷ್ಟು ಗಂಟೆಗೆ ಬಿಟ್ಟಿರಿ? ಯಾವ ಜಾಗದಲ್ಲಿ?" ಇಂಗ್ಲಿಷಿನಲ್ಲಿ ಕೇಳುತ್ತಿದ್ದ ಅವರ ಕಣ್ಣುಗಳು ಹೊಳೆಯುತ್ತಿದ್ದವು. ಒಂಬತ್ತು ವರ್ಷದಿಂದ ಬಾಟಲಿ ತೇಲಿಬಿಟ್ಟು ಆ ಕೊಲ್ಲಿಯ ಪ್ರವಾಹ ಅಳೆಯುತ್ತಿದ್ದವರಂತೆ. "ನೋಡಿ, ಎಡಗಾಲಿನವು ಉತ್ತರಕ್ಕೆ, ಬಲಗಾಲಿನವು ದಕ್ಷಿಣಕ್ಕೆ! ಬಾಟಲಿಯ ಬದಲು ಬೂಟು ಬಿಡುವುದು ನಮಗೆ ಹೊಳೆದೇ ಇರಲಿಲ್ಲ!"

ಊರಿಗೆ ಮರಳಿದ ಹದಿನೈದು ದಿನಕ್ಕೆ ಯಶವಂತರಿಗೂ ಮೇಡಂಗೂ ಕಲ್ಯಾಣಪ್ಪನವರ ಕೋಣೆಗೆ ಕರೆ ಬಂತು. ಮೇಜಿನ ಮೇಲೆ ಪತ್ರ. "ಮುಂದಿನ ವರ್ಷ ತಪ್ಪದೆ ಬನ್ನಿ. ದಯವಿಟ್ಟು ಐವತ್ತು ಜೊತೆ ಬೂಟು ತನ್ನಿ."

"ಭಲೇ ಯಶವಂತ! ಸಮುದ್ರದ ಸಂಶೋಧನೆ ಮಾಡಿ ಬಂದು ಸುಮ್ಮನ ಕುಂತೀರಲ್ರಿ! ನಾಳೆ ಇಡೀ ಕಾಲೇಜಿನ ಮುಂದ ವಿವರಿಸ್ರಿ. ಅಂದಹಾಗ, ಬೂಟು ಬಿಡೋ ಈ ವಿಚಾರ ಮೊದಲ ಹೊಳದದ್ದು ಯಾರಿಗೆ?"

ಯಶವಂತರು ಬೇಡುವ ಕಣ್ಣಿನಿಂದ ಮಂದಾಕಿನಿಯವರತ್ತ ನೋಡಿದರು.

"ಪೂರಾ ಸರ್ ಅವರದಽ ರೀ," ಎಂದರು ಮೇಡಂ, ಗಂಭೀರವಾಗಿ. "ನಾ ಬ್ಯಾಡ ಅಂದ್ರೂ ಕೇಳಲಿಲ್ಲ."