ಬಾಸ್ಟಿಯಾನೊನ ಗಡ್ಡ

ಪ್ಯಾರಿಸಿನ ಮೊಂಪಾರ್ನಾಸಿನಲ್ಲಿ ಸೋಮವಾರ ಬೆಳಗಾದರೆ ಬೀದಿ ಮೂಲೆಯಲ್ಲಿ ಒಂದು ಸಂತೆ. ಕೂಲಿಗೆ ಚಿತ್ರಗಾರರ ಮುಂದೆ ಮಾದರಿಯಾಗಿ ಕೂರುವವರೆಲ್ಲ ಸಾಲಾಗಿ ನಿಲ್ಲುವರು. ಚಿತ್ರಗಾರರು ಬಂದು ಮೂಗು ಮುಖ ನೋಡಿ, ಬೇಕಾದವರನ್ನು ಕರೆದುಕೊಂಡು ಹೋಗುವರು. ಇಟಲಿಯಿಂದ ಬಂದ ಮುದುಕ ಬಾಸ್ಟಿಯಾನೊನಿಗೆ ಬೇರೆ ಕಸುಬು ಬಾರದು. ಅಲುಗಾಡದೆ ಕೂರುವುದು ಮತ್ತು ಎದೆ ಮುಚ್ಚುವ ಬಿಳೀ ಗಡ್ಡ, ಇವೆರಡೇ ಅವನ ಬಂಡವಾಳ. ಊರಿನ ಎಷ್ಟೋ ಚರ್ಚುಗಳಲ್ಲಿ ಜನ ಸಂತ ಪೀಟರನೆಂದು ಮೊಣಕಾಲೂರುತ್ತಿದ್ದುದು ಇವನ ಚಿತ್ರದ ಮುಂದೆಯೇ.

ಆ ಚಳಿಗಾಲ ಮಾತ್ರ ಅವನನ್ನು ಯಾರೂ ಕರೆಯಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಹಳೆಯದಾಗಿತ್ತು. ಹೊಸಬರು ಮನುಷ್ಯನನ್ನು ಮೆಟ್ಟಿಲ ಮೇಲಿಂದ ಬಿದ್ದ ಪೆಟ್ಟಿಗೆಯ ಹಾಗೆ ಬರೆಯುತ್ತಿದ್ದರು. ಅಂದೂ ಬರಿಗೈಯಲ್ಲಿ ಬಂದವನನ್ನು ಮನೆಬಾಗಿಲು ಕಾಯುವ ಕ್ಲೋಟಿಲ್ಡ್ ತಡೆದಳು.

"ತಪ್ಪೆಲ್ಲ ನಿನ್ನ ಗಡ್ಡದ್ದು ಕಣಯ್ಯ. ಈಗಿನವ್ರಿಗೆ ಮುಖದಲ್ಲಿ ಮೂಲೆ ಇರ್ಬೇಕು. ನಿಂಗೆಲ್ಲಿದೆ?"

"ಗಡ್ಡದ ಕೆಳಗೆ ಇದ್ರೂ ಇರಬಹುದಮ್ಮ. ನೋಡಿ ಬಹಳ ಕಾಲ ಆಯ್ತು."

"ಬಾ, ನಾನು ಹುಡುಕಿ ಕೊಡ್ತೀನಿ," ಎಂದ ಪಕ್ಕದ ಅಂಗಡಿಯ ಕ್ಷೌರಿಕ ಫರ್ಮಿನ್. ಕತ್ತರಿ ಆಗಲೇ ಕೈಯಲ್ಲಿತ್ತು.

ಗಡ್ಡ ಹೋಯಿತು. ಕೆಳಗೆ ಸಿಪ್ಪೆ ಸುಲಿದ ಆಲೂಗಡ್ಡೆಯಂಥ ಮುಖ. ಒಂದು ಮೂಲೆಯೂ ಇಲ್ಲ.

"ಪರವಾಗಿಲ್ಲ, ಚೂಪಾಗೇ ಇದೆ," ಎಂದಳು ಕ್ಲೋಟಿಲ್ಡ್, ಬೀದಿ ಕಡೆ ನೋಡುತ್ತ.

ಎದುರು ಮನೆಯ ಮೇಲಿನ ಮಹಡಿಯಲ್ಲಿ ಅನಾತೋಲ್ ಎಂಬ ಹೊಸ ಬಗೆಯ ಚಿತ್ರಗಾರನಿದ್ದ. ಬಾಸ್ಟಿಯಾನೊ ಏದುಸಿರು ಬಿಡುತ್ತ ಹತ್ತಿಹೋದ. ಅವನನ್ನು ಕಂಡು ಅನಾತೋಲ್ ತಲೆ ಹಿಡಿದುಕೊಂಡ.

"ಗಡ್ಡ ಎಲ್ಲಜ್ಜ? ಕಿಟಕಿಯಿಂದ ದಿನಾ ನೋಡಿ, ಅದನ್ನ ನೆಚ್ಕೊಂಡೇ ಈ ಚಿತ್ರ ಹಿಡಿದಿದ್ದೆ ನಾನು."

ಚಿತ್ರದಲ್ಲಿ ನಾಲ್ಕು ಕಂದು ಚೌಕ, ಅಂಟಿಸಿದ ಒಂದು ಹಗ್ಗದ ತುಂಡು, ಒಂದು ಟ್ರಾಮಿನ ಚೀಟಿ.

ಬಾಸ್ಟಿಯಾನೊ ಬಂದ ದಾರಿಯಲ್ಲೇ ಓಡಿದ. ಫರ್ಮಿನ್ನನ ಹೆಂಡತಿ ಗಡ್ಡವನ್ನು ಕುರ್ಚಿಯ ದಿಂಬಿಗೆ ತುರುಕುತ್ತಿದ್ದಳು.

"ಅದು ನನ್ನ ಹೊಟ್ಟೆಪಾಡು ತಾಯಿ, ಕೊಟ್ಬಿಡು."

ಅವಳು ಗೊಣಗುತ್ತ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟಳು. "ಅವಸರ ಮಾಡ್ಬೇಡ ಅಂತ ಬಡ್ಕೊಂಡೆ," ಎಂದಳು ಕ್ಲೋಟಿಲ್ಡ್, ಬಾಗಿಲಿಂದಲೇ.

ಪೊಟ್ಟಣ ಬಿಚ್ಚಿ ಅನಾತೋಲ್ ಹಿಗ್ಗಿದ. ಬಾಸ್ಟಿಯಾನೊ ಗಲ್ಲ ಮುಂದೆ ಮಾಡಿದ. ಅನಾತೋಲ್ ಅಂಟು ಬಳಿದದ್ದು ಚಿತ್ರಕ್ಕೆ. ಚೌಕಗಳ ನಡುವೆ ಗಡ್ಡವನ್ನು ಒತ್ತಿದ. ಪತ್ರಿಕೆಯನ್ನೂ ಬಿಡದೆ ಪಕ್ಕಕ್ಕೆ ಮೆತ್ತಿದ.

ಇರಲಿ ಎಂದು ಬಾಸ್ಟಿಯಾನೊ ಒಲೆಯ ಹತ್ತಿರದ ಪೀಠ ಹತ್ತಿ, ಸ್ವರ್ಗದ ಬೀಗದ ಕೈ ಹಿಡಿದ ಸಂತ ಪೀಟರನಂತೆ ಕೂತ. "ಶುರು ಮಾಡಿ ಸ್ವಾಮಿ."

"ಮುಗೀತಲ್ಲಜ್ಜ. ನೀನಿನ್ನು ಹೊರಡು."

"ನಾಳೆ ಬರಲಾ?"

"ನೀನ್ಯಾಕೆ? ಗಡ್ಡ ಇಲ್ಲೇ ಇರುತ್ತಲ್ಲ."

ಬಾಸ್ಟಿಯಾನೊ ಮೆಟ್ಟಿಲಿಳಿದ. ಅರ್ಧ ದಾರಿಯಲ್ಲಿ, ಹಳೆಯ ಕಾಲದ ಚಿತ್ರಗಾರ ಬೊನಾಫೂ ಮೆಟ್ಟಿಲ ಕಂಬಿ ಹಿಡಿದು ಹತ್ತಿ ಬರುತ್ತಿದ್ದರು. ಎಷ್ಟೋ ವರ್ಷ ಇವನನ್ನು ಎದುರಿಗೆ ಕೂರಿಸಿಕೊಂಡವರು. ಈಗ ಗುರುತು ಸಿಗದೆ ಪಕ್ಕಕ್ಕೆ ಸರಿದು ಕೇಳಿದರು:

"ಏನಯ್ಯ, ಗಡ್ಡದ ಬಾಸ್ಟಿಯಾನೊ ಈ ಕಡೆ ಬಂದ ಅಂದಳು ಕ್ಲೋಟಿಲ್ಡ್. ನೋಡಿದ್ಯಾ? ದೊಡ್ಡ ಚರ್ಚಿನವರು ಸಂತ ಪೀಟರನ್ನ ಬರೆಸ್ತಿದಾರೆ. ಹಳೇ ರೀತೀಲೇ ಬೇಕಂತೆ, ಒಂದೊಂದು ಕೂದಲೂ ಕಾಣೋ ಹಾಗೆ. ವರ್ಷ ಪೂರ್ತಿ ಕೆಲಸ."

ಬಾಸ್ಟಿಯಾನೊ ಬೋಳು ಗಲ್ಲ ಸವರಿಕೊಂಡ. ಮೇಲಿನ ಬಾಗಿಲ ಕಡೆ ನೋಡಿದ.

"ಮೇಲಿದಾನೆ ಸ್ವಾಮಿ," ಎಂದ. "ಆದ್ರೆ ಅವನಿಗೆ ಈಗ ತಾನೇ ಬೇರೆ ಕಡೆ ಕೆಲಸ ಸಿಕ್ತು."